ಒಂದು ಮೊಳ ಗಿಡ್ಡ ಪರದೆ

ಫೆಬ್ರವರಿ ೯

ಅಕ್ಕಾ,

ಮನೆ ನೋಡಿದೆ. ಸುತ್ತಿ ಬಳಸಿ ಬರೆಯುತ್ತೀಯ ಎಂದು ನೀನು ಬೈಯುವ ಮುಂಚೆ ಹೇಳಿಬಿಡುತ್ತೇನೆ: ಕಿಟಕಿ ಆರು, ಆರೂ ನೀರಿನ ಕಡೆಗೆ.

ಬಸ್ಸಿಳಿದು ಮುಕ್ಕಾಲು ಗಂಟೆ ನಡೆಯಬೇಕು. ಗುಡ್ಡ ಹತ್ತಿ ಇಳಿಯುವಾಗ ಒಮ್ಮೆಲೇ ನೀರು ಎದುರಾಗುತ್ತದೆ. ನೀನು ಸರೋವರ ಸರೋವರ ಎಂದು ಜಪ ಮಾಡುತ್ತಿದ್ದೆಯಲ್ಲ, ಇಲ್ಲಿಯವರು ಅದನ್ನು ಬರೀ ಕೆರೆ ಎನ್ನುತ್ತಾರೆ. ಆಚೆ ದಡದ ಮರಗಳು ಹುಲ್ಲಿನಷ್ಟೇ ಕಾಣುವ ಕೆರೆ. ದಂಡೆಯ ಮೇಲೆ ಹನ್ನೊಂದು ಮನೆ. ನಮ್ಮದು (ನಮ್ಮದು ಎಂದೇ ಬರೆದೆ ನೋಡು) ಕೊನೆಯಿಂದ ಎರಡನೆಯದು. ಮಾರುವವರು ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ, ಬಹಳ ಮೆತ್ತಗಿನ ಜನ. ಚಹಾ ಕೊಟ್ಟರು. ಆಕೆಗೆ ಮಂಡಿನೋವು, ಪೇಟೆಯಲ್ಲಿ ಡಾಕ್ಟರ ಹತ್ತಿರ ಇರಬೇಕಂತೆ, ಅದಕ್ಕೇ ಮಾರಾಟ.

ಉದ್ದುದ್ದ ಕಿಟಕಿಗಳು, ನೆಲದಿಂದ ಗೇಣೆತ್ತರಕ್ಕೇ ಶುರುವಾಗುತ್ತವೆ. ಒಂದೊಂದರಲ್ಲೂ ನಾಲ್ಕು ಸಾಲು ಗಾಜು. ಮೂವತ್ತು ವರ್ಷ ಗಾಜು ಕೂರಿಸಿದವನು ಮೊದಲು ನೋಡುವುದು ಗಾಜನ್ನಲ್ಲ, ಅದನ್ನು ಕಚ್ಚಿ ಹಿಡಿದ ಪುಟ್ಟಿಯನ್ನು. ಮೇಲಿನ ಮೂರು ಸಾಲಿನ ಪುಟ್ಟಿ ಹಳೆಯದು, ಕಲ್ಲಾಗಿದೆ. ಕೆಳಸಾಲಿನದು ಮಾತ್ರ ಹೊಸದು, ಉಗುರು ಊರಿದರೆ ಇನ್ನೂ ಗುರುತು ಬೀಳುತ್ತದೆ. ಆರೂ ಕಿಟಕಿಗಳಲ್ಲಿ ಹಾಗೆಯೇ. ಮನೆ ಬಿಟ್ಟು ಹೊರಡುವ ವರ್ಷದಲ್ಲೂ ಕಿಟಕಿಗೆ ಖರ್ಚು ಮಾಡಿದ್ದಾರಲ್ಲ ಎಂದು ಮೇಷ್ಟ್ರ ಮೇಲೆ ಗೌರವ ಬಂತು. ಮನೆಯನ್ನು ಹೀಗೆ ನೋಡಿಕೊಂಡವರ ಹತ್ತಿರ ಕಣ್ಣು ಮುಚ್ಚಿ ಕೊಳ್ಳಬಹುದು.

ಕಿಟಕಿಯ ಅಳತೆ ಹಿಂಬದಿಗೆ ಬರೆದಿದ್ದೇನೆ. ಮಾದರಿಗೆಂದು ಅವರ ಹಳೆಯ ಪರದೆಯೊಂದನ್ನೂ ಇಸಕೊಂಡು ಕಳಿಸಿದ್ದೇನೆ. ಇಲ್ಲಿ ಫೋನು ಹಿಡಿಯುವುದಿಲ್ಲ. ಹಿಡಿದರೂ ಮಷೀನಿನ ಸದ್ದಿಗೆ ಮಂದವಾದ ನಿನ್ನ ಕಿವಿಗೆ ಕೇಳುವುದಿಲ್ಲ, ಪತ್ರವೇ ಗತಿ. ನಾನು ಅಂಗಡಿ ಮಾರಿ ಬಂದದ್ದು, ನೀನು ಕೂಡಿಟ್ಟದ್ದು, ಎರಡೂ ಇದರಲ್ಲೇ ಮುಗಿದುಹೋಗುತ್ತವೆ. ಆಮೇಲೆ ಬೇರೆ ಮನೆಯ ಮಾತು ಎತ್ತುವಂತಿಲ್ಲ. ಯೋಚಿಸಿ ಬರೆ.

ನಿನ್ನ ತಮ್ಮ

ಫೆಬ್ರವರಿ ೨೦

ಗಾಜಪ್ಪಾ,

ಯೋಚಿಸುವುದೇನು ಬಂತು, ಕೊಂಡುಬಿಡು.

ನಲವತ್ತು ವರ್ಷದಿಂದ ಊರವರ ಕಿಟಕಿಗೆಲ್ಲ ಪರದೆ ಹೊಲಿದಿದ್ದೇನೆ. ಆಸ್ಪತ್ರೆಗೆ, ಹೋಟೆಲಿಗೆ, ಹೊಸದಾಗಿ ಮದುವೆಯಾದವರಿಗೆ, ಮಗು ಮಲಗುವ ಕೋಣೆಗೆ. ಹೊಲಿಯುವವಳ ಕೋಣೆಗೆ ಕಿಟಕಿಯೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ಕಾರ್ಖಾನೆಯ ಹಿಂದಿನ ಈ ಗೂಡಿನಲ್ಲಿ ಬೆಳಗಾದದ್ದು ಗೊತ್ತಾಗುವುದು ಮುಂದುಗಡೆ ಶಟರ್ ಎತ್ತಿದ ಸದ್ದಿನಿಂದ, ಅದೂ ನನ್ನ ಒಳ್ಳೆಯ ಕಿವಿ ಮೇಲೆ ಮಾಡಿ ಮಲಗಿದ್ದರೆ. "ಹತ್ತೊಂಬತ್ತು ವರ್ಷದಿಂದ ಇದ್ದೀಯಮ್ಮಾ, ನಿನ್ನ ಮನೆ ಇದ್ದ ಹಾಗೆ" ಎನ್ನುತ್ತಾನೆ ಮಾಲೀಕ. ಬಾಡಿಗೆಯ ದಿನ ಮಾತ್ರ ಅದು ಅವನ ಮನೆ. ಯಾರೂ ಬಂದು ಖಾಲಿ ಮಾಡು ಎನ್ನದ ಒಂದು ಮನೆ, ಅದಕ್ಕೊಂದು ಕಿಟಕಿ, ನನಗೆ ಬೇಕಾದದ್ದು ಇಷ್ಟೇ. ನೀನು ಆರು ಹುಡುಕಿಬಿಟ್ಟಿದ್ದೀಯ. ಅಷ್ಟು ಬೆಳಕನ್ನು ಈ ವಯಸ್ಸಿನಲ್ಲಿ ಏನು ಮಾಡಲಿ ಮಾರಾಯ!

ಪರದೆ ಬಿಚ್ಚಿ ನೋಡಿದೆ. ಒಳ್ಳೆಯ ಬಟ್ಟೆ, ಒಳ್ಳೆಯ ಅಂಗಡಿಯಲ್ಲಿ ಹೊಲಿಸಿದ್ದು. ಆದರೆ ಕೆಳಗಿನಿಂದ ಒಂದು ಮೊಳ ಕತ್ತರಿಸಿ ಮತ್ತೆ ಅಂಚು ಮಡಿಸಿ ಹೊಲಿದಿದ್ದಾರೆ. ದಾರದ ಬಣ್ಣ ಬೇರೆ, ಹೊಲಿಗೆ ಸೊಟ್ಟಂಬಟ್ಟ, ಯಾರೋ ಅಟ್ಟಿಸಿಕೊಂಡು ಬಂದಂಥ ಅವಸರ. ಪಾಪ, ನೆಲ ಒರೆಸುವಾಗ ಅಡ್ಡ ಬರುತ್ತದೆಂದು ಮೇಷ್ಟ್ರ ಹೆಂಡತಿ ತಾನೇ ಕತ್ತರಿ ಹಾಕಿರಬೇಕು. ಮಂಡಿನೋವಿನವಳು ದಿನಾ ಬಗ್ಗಿ ಎತ್ತಿ ಕಟ್ಟುತ್ತಾಳೆಯೇ? ನಾನು ಆರನ್ನೂ ನೆಲ ಮುಟ್ಟುವಂತೆ ಹೊಲಿಯುತ್ತೇನೆ. ನನ್ನ ಮಂಡಿ ಇನ್ನೂ ಗಟ್ಟಿ ಇದೆ.

ನಿನ್ನ ಅಳತೆಗೆ ಎರಡೆರಡು ಬೆರಳು ಸೇರಿಸಿಕೊಂಡಿದ್ದೇನೆ. ಗಾಜು ಕೊಯ್ಯುವವರ ಬುದ್ಧಿ ಗೊತ್ತಿಲ್ಲವೇ, ಚೌಕಟ್ಟಿಗಿಂತ ಯಾವಾಗಲೂ ಒಂದು ನೂಲು ಕಡಿಮೆ. ನಿನ್ನ ಮಾತೂ ಹಾಗೆಯೇ.

ಅಕ್ಕ

ಮಾರ್ಚ್ ೧೪

ಅಕ್ಕಾ,

ಒಂದು ಸಣ್ಣ ತೊಡಕು. ಈ ದಂಡೆಯಲ್ಲಿ ದಾರಿ, ಬಾವಿ, ದೋಣಿ ಕಟ್ಟುವ ಜಾಗ ಎಲ್ಲವೂ ಹನ್ನೊಂದು ಮನೆಗೂ ಸೇರಿದ್ದು. ಹಾಗಾಗಿ ಒಂದು ಮನೆ ಕೈ ಬದಲಾಗಬೇಕಾದರೆ ಉಳಿದ ಹತ್ತು ಮನೆಯವರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಒಂಬತ್ತು ಸಹಿ ಅರ್ಧ ದಿನದಲ್ಲಿ ಸಿಕ್ಕಿತು. ಒಳಗೆ ಕರೆಯುವಷ್ಟೂ ತಡ ಮಾಡದೆ, ಬಾಗಿಲಲ್ಲೇ ನಿಂತು ಕಾಗದವನ್ನು ಗೋಡೆಗೊತ್ತಿ ಸಹಿ ಹಾಕಿಕೊಟ್ಟರು. ಹೊಸಬರನ್ನು ಇಷ್ಟು ಸಂತೋಷದಿಂದ ಬರಮಾಡಿಕೊಳ್ಳುವ ಜನರನ್ನು ನಾನು ನೋಡಿಯೇ ಇಲ್ಲ.

ಹತ್ತನೆಯದು ಕಟ್ಟಕಡೆಯ ಮನೆ, ನಮ್ಮ ಪಕ್ಕದ್ದು. ಅಲ್ಲೊಬ್ಬ ಮುದುಕಿ, ಜನರನ್ನು ಆಚೆ ದಡಕ್ಕೆ ದಾಟಿಸುವವಳು, ಎಲ್ಲರೂ ದೋಣಿಯಮ್ಮ ಎನ್ನುತ್ತಾರೆ. ದೋಣಿಗೆ ಎಣ್ಣೆ ಬಳಿಯುತ್ತಿದ್ದಳು. ಕಾಗದ ನೋಡಿ, "ಹಾಕಲ್ಲಪ್ಪ" ಎಂದಳು.

"ಯಾಕಮ್ಮಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ನಿನ್ನ ಮುಖ ನೋಡಿದ್ದೇ ಈಗ. ತಪ್ಪು ಮಾಡೋಕೆ ಹೊತ್ತೆಲ್ಲಿತ್ತು?"

"ಮತ್ತೆ ಯಾಕೆ?"

"ಯಾಕೆ ಅಂತ ಕೇಳ್ಬೇಡ. ದುಡ್ಡು ಇನ್ನೂ ನಿನ್ನ ಕೈಲೇ ಇದೆ ತಾನೇ? ಐದು ಗಂಟೆಗೆ ಬಸ್ಸಿದೆ, ಹೋಗ್ಬಿಡು."

ಮೂರು ಸಲ ಹೋದೆ, ಮೂರು ಸಲವೂ ಬಸ್ಸಿನ ಹೊತ್ತು ಹೇಳಿ ಕಳಿಸಿದಳು. ಅವಳಿಗೆ ಹೊಟ್ಟೆಕಿಚ್ಚು, ತಲೆ ಕೆಡಿಸಿಕೊಳ್ಳಬೇಡಿ ಎಂದರು ಉಳಿದವರು. ಮೇಷ್ಟ್ರು ಮಾತ್ರ ನೆಲ ನೋಡುತ್ತ ಕೂತಿದ್ದರು. ಆ ಸಹಿಯಿಲ್ಲದೆ ವ್ಯವಹಾರ ಮುಂದಕ್ಕೆ ಹೋಗುವುದಿಲ್ಲ. ಏನು ಮಾಡಲಿ?

ತಮ್ಮ

ಮಾರ್ಚ್ ೨೩

ಗಾಜಪ್ಪಾ,

ಗಂಡಸರಿಗೆ ಕಾಗದ ಹಿಡಿದು ಹೋಗುವುದೊಂದೇ ಗೊತ್ತು. ಒಬ್ಬಳೇ ಇರುವ ಹೆಂಗಸಿನ ಬಾಗಿಲಿಗೆ ಕೈ ಬೀಸಿಕೊಂಡು ಹೋಗಿ ಸಹಿ ಹಾಕು ಎಂದರೆ ನಾನಾದರೂ ಹಾಕುತ್ತಿರಲಿಲ್ಲ.

ಇದರ ಜೊತೆ ಒಂದು ಕಟ್ಟು ಬರುತ್ತಿದೆ. ನಾಲ್ಕು ಪರದೆ. ಅವಳ ಮನೆಯ ಅಳತೆ ನಿನ್ನನ್ನು ಕೇಳಿದರೆ ಇನ್ನೊಂದು ವಾರ ಹೋಗುತ್ತದೆ, ಅದಕ್ಕೇ ಅಂಚನ್ನು ಬೇಕಾದಷ್ಟು ಇಳಿಸುವಂತೆ ಬಿಟ್ಟಿದ್ದೇನೆ. ನೀಲಿ ಬಟ್ಟೆ, ಅಂಚಿಗೆ ಬಿಳಿ ದಾರದಲ್ಲಿ ಸಣ್ಣ ಸಣ್ಣ ದೋಣಿ ಹಾಕಿದ್ದೇನೆ. ಮೂರು ಭಾನುವಾರದ ಕೆಲಸವನ್ನು ಒಂದು ವಾರದಲ್ಲಿ ಮಾಡಿದ್ದೇನೆ, ಬೆರಳು ನೋಡಬೇಕು ನೀನು. ಕಾಗದದ ಸುದ್ದಿ ಎತ್ತಬೇಡ. ಸಹಿ ಎಂಬ ಮಾತೇ ಬೇಡ. "ನಮ್ಮಕ್ಕ ಪಕ್ಕದ ಮನೆಯವಳಾಗಿ ಬರೋಳು, ನಿಮಗೆ ಅಂತ ಹೊಲಿದಿದ್ದಾಳೆ" ಅನ್ನು, ನೇತು ಹಾಕಿಕೊಡು, ಬಾ. ಮತ್ತೆ ಹತ್ತು ದಿನ ಆ ಕಡೆ ತಲೆ ಹಾಕಬೇಡ.

ನನ್ನ ಕೈಯ ಪರದೆ ಮನೆಯಲ್ಲಿ ತೂಗಿಸಿಕೊಂಡು ನನಗೆ ಇಲ್ಲ ಎನ್ನಲಿ ನೋಡೋಣ.

ಅಕ್ಕ

ಏಪ್ರಿಲ್ ೧೭

ಅಕ್ಕಾ,

ಗೆದ್ದೆ ನೀನು!

ನೀನು ಹೇಳಿದಂತೆಯೇ ಮಾಡಿದೆ. ಪರದೆ ಬಿಚ್ಚಿದಾಗ ದೋಣಿಯಮ್ಮ ಆ ಬಿಳಿ ದೋಣಿಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದರು. "ನಂಗೆ ಅಂತ ಯಾರೂ ಏನೂ ಹೊಲಿದಿರ್ಲಿಲ್ಲ" ಎಂದರು. ನಾನು ಮೊಳೆ ಹೊಡೆದು ನೇತು ಹಾಕಿ ಬಂದುಬಿಟ್ಟೆ. ನಿನ್ನೆ ಅವರೇ ನಾನಿದ್ದ ಕಡೆ ಬಂದರು. ನಿನ್ನ ಬಗ್ಗೆ ಕೇಳಿದರು. ಕಿಟಕಿಯಿಲ್ಲದ ಕೋಣೆಯ ಕಥೆ ಹೇಳಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಮೇಲೆ ಒಂದು ತಮಾಷೆ. "ನಿಮ್ಮಕ್ಕನಿಗೆ ಈಜು ಬರುತ್ತಾ?" ಎಂದು ಕೇಳಿದರು. ನಾನು ನಕ್ಕು, "ಅರವತ್ತು ದಾಟಿದೆಯಮ್ಮಾ, ಇನ್ನು ನೀರಿಗಿಳಿಯೋದುಂಟಾ?" ಎಂದೆ. ಅವರು ನಗಲಿಲ್ಲ. "ಎಲ್ಲಿ ಆ ಕಾಗದ" ಎಂದರು. ಸಹಿ ಹಾಕುವ ಮುಂಚೆ ಪೆನ್ನನ್ನು ಎರಡು ಸಲ ಕೆಳಗಿಟ್ಟು ಎತ್ತಿಕೊಂಡರು, ಅಕ್ಷರ ಕಾಣುತ್ತಿಲ್ಲವೇನೋ ಅಂದುಕೊಂಡೆ. ವಯಸ್ಸಾಯಿತಲ್ಲ.

ಇವತ್ತು ನೋಂದಣಿ ಮುಗಿಯಿತು. ಬೀಗದ ಕೈ ಕೊಡುವಾಗ ಮೇಷ್ಟ್ರು ನನ್ನ ಕೈ ಹಿಡಿದುಕೊಂಡವರು ಬಿಡಲೇ ಇಲ್ಲ. ಮನೆಯೆಂದರೆ ಅಷ್ಟು ಪ್ರೀತಿ ಅವರಿಗೆ.

ನಮ್ಮ ಮನೆಯಿಂದ,
ನಿನ್ನ ತಮ್ಮ

ಮೇ ೬

ನನ್ನ ಬಂಗಾರದಂಥ ಗಾಜಪ್ಪಾ,

ನಿನ್ನ ಪತ್ರವನ್ನು ಕಾರ್ಖಾನೆಯ ಹೆಂಗಸರಿಗೆಲ್ಲ ಓದಿ ಹೇಳಿದೆ. ಎರಡು ಸಲ ಓದು ಎಂದವರಿಗೆ ಮೂರು ಸಲ ಓದಿದೆ. ಈಜಿನ ಮಾತಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಿನ್ನ ದೋಣಿಯಮ್ಮನಿಗೆ ಹೇಳು, ಬಂದ ಮೇಲೆ ಅವಳೇ ಕಲಿಸಲಿ.

ನಮ್ಮ ಆರು ಪರದೆ ಕಳಿಸಿದ್ದೇನೆ. ತಿಳಿ ಹಳದಿ, ನೆಲ ಮುಟ್ಟುವ ಉದ್ದ. ಇವತ್ತೇ ನೇತು ಹಾಕು, ಬೆಳಗಿನ ಹೊತ್ತು ಹೇಗೆ ಕಾಣುತ್ತವೆ ಎಂದು ಬರೆ. ಇಲ್ಲೊಂದು ಸಭಾಭವನದ ಪರದೆಗಳ ಕೆಲಸ ಹಿಡಿದಿದ್ದೇನೆ, ಜುಲೈ ಕೊನೆಗೆ ಮುಗಿಯುತ್ತದೆ. ಆಗಸ್ಟ್ ಮೊದಲ ವಾರ ಹೊರಡಲೇ? ಮಾಲೀಕನಿಗೆ ಮಾತು ಕೊಡಬೇಕು.

ಅಕ್ಕ

ಜುಲೈ ೧೧

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಕೆಲಸ ಹೆಚ್ಚು.

ಆಗಸ್ಟಿನಲ್ಲಿ ಬೇಡ, ಸ್ವಲ್ಪ ತಡೆ. ನೆಲಕ್ಕೆ ಗಾರೆ ಹಾಕಿಸಿದ್ದೇನೆ, ಮಳೆಗೆ ಒಣಗುತ್ತಿಲ್ಲ. ಒದ್ದೆ ನೆಲದಲ್ಲಿ ನಿನ್ನ ಕೀಲುನೋವು ಹೆಚ್ಚುತ್ತದೆ. ಪರದೆ ಚೆನ್ನಾಗಿ ಕಾಣುತ್ತವೆ. ಆರೋಗ್ಯ ನೋಡಿಕೋ.

ತಮ್ಮ

ಜುಲೈ ೧೯

ತಮ್ಮಾ,

ಆರು ಕಿಟಕಿ, ಆರು ಪರದೆ, ಮೂರು ತಿಂಗಳ ಮೇಲೆ ಎಂಟು ಸಾಲಿನ ಪತ್ರ. ಗಾಜು ಕೊಯ್ದದ್ದು ಈ ಸಲ ಒಂದು ನೂಲು ಕಡಿಮೆಯಲ್ಲ, ಅರ್ಧಕ್ಕರ್ಧ ಕಡಿಮೆ. ನೆಲ ಗಟ್ಟಿಯಾಗಿದೆ ಎಂದು ನೀನೇ ಬರೆದಿದ್ದೆಯಲ್ಲ, ಅಳತೆ ಕಾಗದದ ಮೂಲೆಯಲ್ಲಿ? ನಾನು ಕಾಗದ ಎಸೆಯುವವಳಲ್ಲ. ಮತ್ತೆ ಗಾರೆ ಯಾಕೆ ಬೇಕಾಯಿತು?

ಕೀಲುನೋವು ನನಗೆ ಇಲ್ಲಿಯೂ ಇದೆ. ಯಾವ ದಿನ ಬರಲಿ ಎಂದು ಬರೆ. ದಿನ ಬರೆ, ಕಾರಣ ಬೇಡ.

ಅಕ್ಕ

ಆಗಸ್ಟ್ ೮

ಅಕ್ಕಾ,

ಇನ್ನೊಂದು ತಿಂಗಳು. ದಿನ ಈಗಲೇ ಹೇಳಲಾರೆ. ನನ್ನ ಊಟ ತಿಂಡಿಯ ಯೋಚನೆ ಬೇಡ, ದೋಣಿಯಮ್ಮನ ಮನೆಯಲ್ಲೇ ಆಗುತ್ತದೆ. ಬಹಳ ಒಳ್ಳೆಯವರು.

ತಮ್ಮ

ಆಗಸ್ಟ್ ೧೭

ತಮ್ಮನಿಗೆ,

ನಿನ್ನ ಊಟ ತಿಂಡಿಯ ಯೋಚನೆ ನಾನು ಮಾಡಿರಲಿಲ್ಲ. ಈಗ ಮಾಡಿದೆ.

ಇಪ್ಪತ್ತು ವರ್ಷದ ಹಿಂದೆ, ನಿನ್ನ ಹೆಂಡತಿ ಇದ್ದಾಗ, ನಾನು ನಿಮ್ಮ ಮನೆಯಲ್ಲಿ ಹತ್ತು ತಿಂಗಳು ಇದ್ದೆ. ಒಂದು ದಿನ ನೀನು ಬಂದು, "ಅಕ್ಕಾ, ಕೋಣೆಗೆ ಸುಣ್ಣ ಹೊಡೆಸ್ತೀವಿ, ಒಣಗೋತನಕ ಒಂದು ತಿಂಗಳು ಬೇರೆ ಕಡೆ ಇರ್ತೀಯಾ?" ಎಂದೆ. ನಾನು ಚೀಲ ಹಿಡಿದು ಹೊರಟೆ. ಆ ಸುಣ್ಣ ಇವತ್ತಿಗೂ ಒಣಗಿಲ್ಲ. ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಅವಳು ತೀರಿಕೊಂಡಾಗ ಬಂದು ನಿನ್ನ ಪಕ್ಕ ಕೂತೆ, ಆಗಲೂ ಕೇಳಲಿಲ್ಲ.

ಈಗ ಗಾರೆ. ಒಳ್ಳೆಯ ಮನೆ ಸಿಕ್ಕಿದೆ, ಪಕ್ಕದಲ್ಲಿ ಅಡುಗೆ ಮಾಡಿ ಹಾಕುವ ಒಳ್ಳೆಯವರು ಸಿಕ್ಕಿದ್ದಾರೆ. ಅಕ್ಕ ಯಾಕೆ ಬೇಕು? ನೇರವಾಗಿ ಬರೆದರೆ ನಾನೇನು ಸಾಯುವುದಿಲ್ಲ. ಆದರೆ ಇನ್ನೊಂದು ಸಲ ಒಣಗಿಲ್ಲ ಎಂದು ಬರೆಯಬೇಡ. ಆ ಮಾತೊಂದನ್ನು ನನ್ನಿಂದ ತಡೆಯಲಾಗುವುದಿಲ್ಲ.

ಇಷ್ಟೇ.

ಸೆಪ್ಟೆಂಬರ್ ೨

ಅಕ್ಕಾ,

ಮನೆಯೊಳಗೆ ನೀರಿದೆ. ತೊಡೆಯ ಮಟ್ಟಕ್ಕೆ.

ಜೂನ್ ಕೊನೆಯಲ್ಲಿ ಮೆಟ್ಟಿಲಿಗೆ ಬಂತು. ಮಳೆ ನಿಂತರೆ ಇಳಿಯುತ್ತದೆ ಅಂದುಕೊಂಡೆ. ಒಂದು ವಾರದಲ್ಲಿ ನಡುಮನೆಗೆ ಬಂತು. ನೀರಿನ ಮೇಲೆ ತೇಲಿ ಬಂದ ಮರದ ದಿಮ್ಮಿ ಕಿಟಕಿಗೆ ಗುದ್ದಿ ಗುದ್ದಿ ಗಾಜು ಒಡೆಯಿತು. ಯಾವ ಗಾಜು ಎಂದು ಕೇಳು. ಕೆಳಸಾಲು. ಆರೂ ಕಿಟಕಿಯಲ್ಲಿ ಕೆಳಸಾಲು ಮಾತ್ರ. ಒಡೆದ ಚೂರು ನೋಡುತ್ತ ನಿಂತಾಗ ಆ ಹೊಸ ಪುಟ್ಟಿ ನೆನಪಾಯಿತು. ನಾನು ಉಗುರು ಊರಿ ನೋಡಿ ಮೇಷ್ಟ್ರನ್ನು ಹೊಗಳಿದ ಪುಟ್ಟಿ. ನೀನು ಕತ್ತರಿಸಿ ಹೊಲಿದದ್ದೆಂದು ಬರೆದ ಅಂಚು ನೆನಪಾಯಿತು. ಕೆಳಗಿನ ಒಂದು ಮೊಳ ಕೊಳೆತು ಹೋಗಿತ್ತು, ಅದಕ್ಕೇ ಕತ್ತರಿಸಿದ್ದು. ನಾನು ಗಾಜಿನವನು, ನೀನು ಬಟ್ಟೆಯವಳು, ಇಬ್ಬರ ಕೈಗೂ ಅವರವರ ಕಸುಬಿನ ಗುರುತೇ ಸಿಕ್ಕಿತ್ತು. ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರೋ ಏನೋ. ನಾವು ಅವರಿಗೆ ಶಾಭಾಸ್ ಕೊಟ್ಟೆವು.

ಪೇಟೆಗೆ ಕುಡಿಯುವ ನೀರು ಸಾಲದೆಂದು ನಾಲ್ಕು ವರ್ಷದ ಹಿಂದೆ ಕೆರೆಯ ಕೋಡಿ ಎತ್ತರಿಸಿದ್ದಾರೆ. ಮಳೆಗಾಲದಲ್ಲಿ ತುಂಬಿದ ನೀರು ಜನವರಿಯವರೆಗೆ ಇಳಿಯುವುದಿಲ್ಲ. ಕಚೇರಿಗೆ ಹೋದೆ. ಗುಮಾಸ್ತ ಕ್ರಯಪತ್ರ ತೆಗೆದು ಬೆರಳಿಟ್ಟು ತೋರಿಸಿದ: "ನೀರಿನ ಮಟ್ಟ ತಿಳಿದೇ ಮನೆ ಕೊಂಡಿದ್ದೇನೆ ಅಂತ ಇದೆ ನೋಡಿ. ಸಹಿ ನಿಮ್ಮದೇ ಅಲ್ವಾ?" ನನ್ನದೇ. ಆ ದಿನ ನಾನು ಕಿಟಕಿಗಳ ಸಂಭ್ರಮದಲ್ಲಿದ್ದೆ, ಯಾವ ಸಾಲು ಓದಿದೆನೋ ಯಾವುದು ಬಿಟ್ಟೆನೋ.

ದೋಣಿಯಮ್ಮನ ಮನೆ ಬಂಡೆಯ ಮೇಲಿದೆ, ಅಟ್ಟದಲ್ಲಿ ನನಗೆ ಜಾಗ ಕೊಟ್ಟಿದ್ದಾರೆ. ನಾನು ಜಗಳಕ್ಕೇ ಹೋದೆ, "ಮೊದಲೇ ಯಾಕೆ ಹೇಳ್ಲಿಲ್ಲ ನೀವು?" ಎಂದು ಕಿರುಚಿದೆ. ಅವರು ತಲೆ ಎತ್ತಲಿಲ್ಲ. "ಎಲ್ರೂ ಸೇರಿ ನನ್ನ ಹತ್ರ ಮಾತು ತಗೊಂಡಿದ್ರು. ಬಾಯಿ ಬಿಟ್ರೆ ಯಾರ ಮನೆನೂ ಮಾರಾಟ ಆಗಲ್ಲ. ನನ್ನ ದೋಣಿ ಹತ್ತೋರೂ ಅವರೇ, ಜ್ವರ ಬಂದ್ರೆ ನೋಡೋರೂ ಅವರೇ. ಬಾಯಿಗೆ ಬೀಗ ಹಾಕ್ಕೊಂಡೆ. ಕೈ ಒಂದು ನನ್ನದಾಗಿ ಉಳಿದಿತ್ತು, ಸಹಿ ಹಾಕ್ಲಿಲ್ಲ" ಎಂದರು. ಇನ್ನೊಂದು ಮಾತೂ ಹೇಳಿದರು, ಅದನ್ನು ಬರೆಯುವುದಿಲ್ಲ.

ನಿನ್ನ ಪರದೆಗಳು ಇಪ್ಪತ್ತು ದಿನ ನೀರಿನಲ್ಲಿ ನೆಂದವು. ಬೆಳಗಿನ ಹೊತ್ತು ಹೇಗೆ ಕಾಣುತ್ತವೆ ಎಂದು ಕೇಳಿದ್ದೆ. ಜೂನಿನವರೆಗೆ ಬಹಳ ಚೆನ್ನಾಗಿ ಕಾಣುತ್ತಿದ್ದವು ಅಕ್ಕಾ. ಅದು ಸುಳ್ಳಲ್ಲ.

ಸುಣ್ಣದ ಮಾತು ಸುಳ್ಳಾಗಿತ್ತು. ಆ ತಪ್ಪು ತಿದ್ದಲೆಂದೇ ಈ ಮನೆ ಹುಡುಕಿದೆ. ನಿನ್ನ ಜೀವಮಾನದ ಗಳಿಕೆಯನ್ನು ನೀರಿಗೆ ಹಾಕಿದೆ.

ತಮ್ಮ

ಸೆಪ್ಟೆಂಬರ್ ೩೦

ತಮ್ಮಾ,

ನಿನ್ನ ಪತ್ರ ಬಂದು ಮೂರು ವಾರ ಆಯಿತು. ಬರೆಯಲು ಕೂತಾಗಲೆಲ್ಲ ಎದ್ದು ಹೋದೆ.

ಬರೆಯುವುದಿಲ್ಲ ಎಂದೆಯಲ್ಲ, ಆ ಮಾತು ನನಗೆ ಗೊತ್ತು. ಅವಳು ಇಲ್ಲ ಎಂದದ್ದೇ ನಮಗೆ ಮಾಡಿದ ಉಪಕಾರ. ಅದನ್ನು ನಾನು ಪರದೆ ಕಳಿಸಿ ಕೆಡಿಸಿದೆ. ನನ್ನ ಕೈಯ ಹೊಲಿಗೆ ಮನೆಯಲ್ಲಿಟ್ಟುಕೊಂಡು ನನಗೆ ಇಲ್ಲ ಎನ್ನಲಿ ನೋಡೋಣ ಎಂದು ಜಂಬ ಕೊಚ್ಚಿದೆನಲ್ಲ, ಅನ್ನಲಿಲ್ಲ ಪಾಪ. ನೀನೊಬ್ಬನೇ ಮಾಡಿದೆ ಎಂದು ಅಳಬೇಡ. ನಿನ್ನ ಸಹಿ ಒಂದು, ನನ್ನ ಹೊಲಿಗೆ ಒಂದು.

ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ಮೇ ತಿಂಗಳಿನಲ್ಲೇ ಮಾಲೀಕನಿಗೆ ಕೋಣೆ ಬಿಡುತ್ತೇನೆ ಎಂದು ಹೇಳಿಬಿಟ್ಟಿದ್ದೆ. ಹೇಳುವಾಗ ಎಷ್ಟು ಖುಷಿಯಾಯಿತು ಗೊತ್ತೇ, ಹತ್ತೊಂಬತ್ತು ವರ್ಷದ ಮೇಲೆ ನಾನೇ ಅವನಿಗೆ ಖಾಲಿ ಮಾಡುತ್ತೇನೆ ಎಂದದ್ದು. ಜುಲೈ ಮುಗಿಯುತ್ತಲೇ ಅದರಲ್ಲಿ ಗುಂಡಿ, ಲೇಸು, ದಾರದ ಪೆಟ್ಟಿಗೆಗಳನ್ನು ತುಂಬಿಸಿದ. ಆವತ್ತಿನಿಂದ ಬಟ್ಟೆಯ ಗೋದಾಮಿನಲ್ಲಿ ಮಲಗುತ್ತಿದ್ದೇನೆ,  ಥಾನುಗಳ ಮೇಲೆ. ಹಗಲು ಹನ್ನೆರಡು ಗಂಟೆಯಾದರೂ ಅಲ್ಲಿ ದೀಪ ಬೇಕು. ಮಾಲೀಕ ಏನೂ ಅನ್ನುವುದಿಲ್ಲ, ನೋಡಿಯೂ ನೋಡದ ಹಾಗೆ ಹೋಗುತ್ತಾನೆ. ಆ ಕರುಣೆ ಎಷ್ಟು ದಿನ ಬಾಳಿಕೆ ಬರುತ್ತದೋ ಗೊತ್ತಿಲ್ಲ.

ಒಂದು ಕೇಳುತ್ತೇನೆ. ಮೇಷ್ಟ್ರು ಈಗ ಎಲ್ಲಿದ್ದಾರೆ? ಅವರ ಮನೆಗೆ ಕಿಟಕಿ ಎಷ್ಟು?

ಅಕ್ಕ

ಡಿಸೆಂಬರ್ ೧೫

ಅಕ್ಕಾ,

ಮೇಷ್ಟ್ರನ್ನು ಹುಡುಕಿಕೊಂಡು ಪೇಟೆಗೆ ಹೋದೆ. ಕುತ್ತಿಗೆ ಪಟ್ಟಿ ಹಿಡಿದು ಕೇಳುವ ಹಾಗೆ ಹೋದೆ.

ಮೂರನೇ ಮಹಡಿಯಲ್ಲಿ ಎರಡು ಕೋಣೆ. ಮಂಡಿನೋವಿನ ಹೆಂಗಸನ್ನು ಕಟ್ಟಿಕೊಂಡು ಮೂರನೇ ಮಹಡಿಯಲ್ಲಿದ್ದಾರೆ. ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. "ಈ ಸಲ ಎಲ್ಲಿವರೆಗೆ ಬಂತು?" ಎಂದರು. ತೊಡೆಯವರೆಗೆ ಎಂದೆ. ಅಷ್ಟಕ್ಕೇ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವರೂ ಆ ಮನೆಯಲ್ಲಿದ್ದದ್ದು ಎರಡೇ ಮಳೆಗಾಲ. ಅವರಿಗೆ ಮಾರಿದವರೂ ಅವರಿಗೆ ಹೇಳಿರಲಿಲ್ಲ. ಆಕೆ ಒಳಗಿನಿಂದ ಚಹಾ ತಂದು ಕೊಟ್ಟು, ಗೋಡೆಯ ಕಡೆ ತಿರುಗಿ ನಿಂತುಕೊಂಡರು.

ಹೊರಡುವಾಗ ಮೇಷ್ಟ್ರು ಮೆಟ್ಟಿಲಿನವರೆಗೆ ಬಂದು ಮೆಲ್ಲಗೆ ಹೇಳಿದರು: "ಪುಟ್ಟಿ ಜನವರಿಯಲ್ಲೇ ಹಾಕ್ಬಿಡಿ. ನಾನು ತಡ ಮಾಡಿದೆ, ಅದಕ್ಕೇ ನಿಮ್ಮ ಉಗುರು ಇಳೀತು. ಆವತ್ತು ನೀವು ಕಂಡುಹಿಡಿದ್ರಿ ಅಂದ್ಕೊಂಡಿದ್ದೆ."

ಅವರ ಮನೆಗೆ ಕಿಟಕಿ ಒಂದು. ಎದುರು ಕಟ್ಟಡದ ಗೋಡೆ ಕಾಣುತ್ತದೆ.

ತಮ್ಮ

ಫೆಬ್ರವರಿ ೧೨

ಅಕ್ಕಾ,

ನೀರು ಇಳಿದಿದೆ. ಕೆಸರು ಎತ್ತಿ ಹಾಕಿ, ಗೋಡೆಗೆ ಎರಡು ಸಲ ಸುಣ್ಣ ಹೊಡೆದೆ. ಕೆಳಸಾಲಿಗೆ ಗಾಜು ಕೂರಿಸಿದೆ. ಪುಟ್ಟಿಯನ್ನು ಜನವರಿಯಲ್ಲೇ ಹಾಕಿದೆ. ಈಗ ಉಗುರು ಊರಿದರೆ ಗುರುತು ಬೀಳುವುದಿಲ್ಲ.

ಮೊನ್ನೆ ಗಂಡ ಹೆಂಡತಿ ಮನೆ ನೋಡಲು ಬಂದಿದ್ದರು. ಆತ ಗಡಿಯಾರ ರಿಪೇರಿಯವನು, ನನ್ನಂತೆಯೇ ಅಂಗಡಿ ಮಾರಿ ಬಂದವನು. ಗೋಡೆಯ ಮೊಳೆಗಳೆಲ್ಲ ಎದೆಗಿಂತ ಎತ್ತರದಲ್ಲಿರುವುದನ್ನು ನೋಡಿ, "ಸರಿಯಾಗಿ ಹೊಡ್ದಿದ್ದೀರಿ ಸ್ವಾಮಿ, ಗಡಿಯಾರ ಯಾವಾಗ್ಲೂ ತಲೆ ಎತ್ತಿ ನೋಡೋ ಹಾಗೆ ಇರ್ಬೇಕು" ಎಂದ. ನಾನು ಹೂಂ ಎಂದೆ. ಹೆಂಡತಿ ಒಂದೊಂದು ಕಿಟಕಿಯ ಮುಂದೆಯೂ ಒಂದೊಂದು ಗಳಿಗೆ ನಿಂತಳು. "ಪರದೆ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು" ಎಂದಳು. ಒಗೆಯಲು ಹೋಗಿದೆ ಎಂದೆ. ನನ್ನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು ಅಕ್ಕಾ.

ಒಂಬತ್ತು ಮನೆಯವರು ಸಹಿ ಹಾಕಿಯಾಗಿದೆ. ದೋಣಿಯಮ್ಮನ ಮುಂದೆ ಕಾಗದ ಹಿಡಿದಾಗ ಅವರು ಬಸ್ಸಿನ ಹೊತ್ತು ಹೇಳಲಿಲ್ಲ. "ನೀನು ಹಾಕು ಅಂದ್ರೆ ಹಾಕ್ತೀನಿ. ಈ ಸಲ ಹೇಳೋನು ನೀನೇ" ಎಂದರು. ನಾನು ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಮಾರಿದರೆ ನಿನಗೊಂದು ಕೋಣೆ ಬಾಡಿಗೆಗೆ ಹಿಡಿಯಬಹುದು. ಮಾರದಿದ್ದರೆ ನೀನು ಗೋದಾಮಿನಲ್ಲಿ, ನಾನು ಅಟ್ಟದಲ್ಲಿ. ನನಗೆ ತೋಚುವುದಿಲ್ಲ. ಆರು ಪರದೆಗಳನ್ನು ಒಗೆದು ಕಳಿಸಿದ್ದೇನೆ. ಕೆಳಗಿನ ಒಂದು ಮೊಳದ ಕಲೆ ಹೋಗುವುದಿಲ್ಲ. ಅವು ತಿರುಗಿ ಬಂದರೆ ಸಹಿ ಹಾಕಿ ಎನ್ನುತ್ತೇನೆ. ಬಾರದಿದ್ದರೆ ಗಡಿಯಾರದವನಿಗೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಹಿರಿಯಳು ನೀನು.

ತಮ್ಮ

ಫೆಬ್ರವರಿ ೨೪

ತಮ್ಮಾ,

ಪರದೆ ಆರು ಇದರ ಜೊತೆ ಬರುತ್ತಿವೆ.

ಮೂರು ದಿನ ಕಟ್ಟು ಬಿಚ್ಚದೆ ತಲೆದಿಂಬು ಮಾಡಿಕೊಂಡು ಮಲಗಿದೆ. ನಾಲ್ಕನೆಯ ದಿನ ಮಾಲೀಕ ಬಂದು, ಹೊಸ ಮಾಲು ಬರುತ್ತಿದೆ, ಗೋದಾಮು ತೆರವು ಮಾಡಬೇಕಮ್ಮಾ ಎಂದ. ಅವನು ಹೋದ ಮೇಲೆ ಕತ್ತರಿ ತೆಗೆದುಕೊಂಡೆ. ಇದು ಕಾರಣವಲ್ಲ, ಆದದ್ದು ಹೀಗೆ ಎಂದು ಬರೆಯುತ್ತಿದ್ದೇನೆ.

ಕೆಳಗಿನ ಒಂದು ಮೊಳ ತೆಗೆದೆ. ಅಂಚನ್ನು ಮೇಷ್ಟ್ರ ಹೆಂಡತಿಯ ಹಾಗೆ ಅವಸರದಲ್ಲಿ ಹೊಲಿದಿಲ್ಲ. ಮೊದಲಿನ ದಾರವನ್ನೇ ಹುಡುಕಿ ಅದರಲ್ಲೇ ಹೊಲಿದೆ, ಹಳೆಯ ಸೂಜಿಯ ತೂತುಗಳನ್ನು ಇಸ್ತ್ರಿಯಿಂದ ಮುಚ್ಚಿದೆ. ನಲವತ್ತು ವರ್ಷದಲ್ಲಿ ನಾನು ಮಾಡಿದ ಅಂಚುಗಳಲ್ಲೆಲ್ಲ ಇದೇ ಒಳ್ಳೆಯದು. ಎಲ್ಲಿ ಕತ್ತರಿಸಿದೆ ಎಂದು ಈಗ ನನಗೇ ಗೊತ್ತಾಗುವುದಿಲ್ಲ.

ಸಹಿ ಹಾಕಿ ಎಂದು ದೋಣಿಯಮ್ಮನಿಗೆ ಹೇಳು. ನಾನು ಹೇಳಿದೆ ಎಂದೇ ಹೇಳು.

ಗಡಿಯಾರದವನ ಹೆಂಡತಿಗೆ ಹೊಲಿಗೆ ಬರುತ್ತದೆಯೇ ಎಂದು ಕೇಳಬೇಕೆಂದಿದ್ದೆ. ಬರುತ್ತಿದ್ದರೂ ಹೆದರಬೇಡ. ನನಗೂ ಬರುತ್ತಿತ್ತಲ್ಲ.

ನಿನ್ನ ಅಕ್ಕ